ವಕೀಲರ ಕವಚ

ನಮ್ಮನೆಯವರು ಹೊಸನಗರದ ಕೋರ್ಟಿನಲ್ಲಿ ವಕೀಲರು. ಅಲ್ಲಿ ಅವರು ಎಷ್ಟು ಗೆಲ್ಲುತ್ತಾರೆ ಎಂಬುದು ಅವರ ವೃತ್ತಿಯ ವಿಷಯ, ನಾನು ಕೇಳುವುದಿಲ್ಲ. ಆದರೆ ಮನೆಯಲ್ಲಿ ಸೋಲು ಒಪ್ಪಿಕೊಂಡದ್ದು ನನಗೆ ನೆನಪಿಲ್ಲ. ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಯಿತು ಎನ್ನುತ್ತಾರೆ. ನಾನು ರುಚಿ ನೋಡಿ ಸರಿಯಾಗಿಯೇ ಇದೆಯಲ್ಲ ಎಂದರೆ, "ಹೆಚ್ಚು ಅಂದ್ರೆ ನನ್ನ ಅರ್ಥ ಬೇರೆ" ಎಂದು ಹೊಸ ವಾದ ಹೂಡುತ್ತಾರೆ. ಇಂಥವರು ಐವತ್ತರ ಹತ್ತಿರದ ವಯಸ್ಸಿನಲ್ಲಿ ಊಟದ ಮೇಜಿನ ಮೇಲೆ ದಾಳ ಉರುಳಿಸುವ ಆಟವೊಂದಕ್ಕೆ ಬಿದ್ದು, ಎಲ್ಲೂ ಇಲ್ಲದ ಕವಚಕ್ಕಾಗಿ ನಿಜವಾದ ಪೆಟ್ಟು ತಿಂದರು. ಪೆಟ್ಟು ಕೊಟ್ಟವಳು ನನ್ನ ಅಮ್ಮ.

ಆಟವನ್ನು ನಮ್ಮ ಮನೆಗೆ ತಂದವಳು ನನ್ನ ನಾದಿನಿ. ಅವಳು ದನದ ಡಾಕ್ಟರು, ತೀರ್ಥಹಳ್ಳಿ ಹತ್ತಿರ ಅರಳಸುರಳಿಯ ಕಡೆ ಕೆಲಸ. ನನ್ನ ಮಾವನವರು ಗೇಣಿಗೆ ಮಾಡುತ್ತಿದ್ದ ಗದ್ದೆ ತಮ್ಮ ಹೆಸರಿಗೆ ಆಗುವ ಹೊತ್ತಿಗೆ ಕೋರ್ಟು ಕಚೇರಿ ತಿರುಗಿ ಸುಸ್ತಾದವರು. ಅದೇ ಹೊತ್ತಿನಲ್ಲಿ ಒಳ್ಳೆಯ ಹಾಲಿನ ಎಮ್ಮೆಯೊಂದು ಯಾವುದೋ ಕಾಯಿಲೆಯಿಂದ ಸತ್ತುಹೋಯಿತಂತೆ. ಮನೆಗೊಬ್ಬ ವಕೀಲ, ಒಬ್ಬ ದನದ ಡಾಕ್ಟರು ಇದ್ದರೆ ಉಳಿದದ್ದೆಲ್ಲ ಹೇಗೋ ನಡೆಯುತ್ತದೆ ಎಂದು ಅವರು ತೀರ್ಮಾನಿಸಿ ಮಗನನ್ನೂ ಮಗಳನ್ನೂ ಹಾಗೆಯೇ ಓದಿಸಿದರು. ನಾದಿನಿ ಕಾಲೇಜಿನ ಹಾಸ್ಟೆಲಿನಲ್ಲಿ ದನಗಳ ಜೊತೆಗೆ ಈ ಆಟವನ್ನೂ ಕಲಿತಳು. ಒಂದು ಭಾನುವಾರ ಬೈಕಿನ ಸೈಡ್ ಬಾಕ್ಸಿನಿಂದ ಇಂಜೆಕ್ಷನ್ ಪೆಟ್ಟಿಗೆಯ ಪಕ್ಕದಲ್ಲಿದ್ದ ಚಿಕ್ಕ ಚೀಲ ತೆಗೆದು ಮೇಜಿನ ಮೇಲೆ ಸುರಿದಳು. ಗೋಲಿಯಂತೆ ಹೊಳೆಯುವ ಬಣ್ಣಬಣ್ಣದ ದಾಳಗಳು. ಒಂದಕ್ಕೆ ಇಪ್ಪತ್ತು ಮುಖ.

"ನಾಲ್ಕು ಜನ ಬೇಕು. ಅಮ್ಮನೂ ಇದಾರಲ್ಲ," ಎಂದಳು.

ಅವಳು ಅಮ್ಮ ಎಂದದ್ದು ನನ್ನ ಅಮ್ಮನನ್ನು. ಅಮ್ಮ ಸಾಗರದಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾದವಳು. ಭಾನುವಾರ ಬೆಳಗಿನ ಬಸ್ಸಿಗೆ ಹೊಸನಗರಕ್ಕೆ ಬಂದು, ನಮ್ಮ ಮನೆಯ ವ್ಯವಸ್ಥೆಯಲ್ಲಿ ಏನೇನು ಕೆಟ್ಟಿದೆ ಎಂದು ನೋಡಿ, ಸಂಜೆ ತೃಪ್ತಿಯಿಂದ ಹಿಂತಿರುಗುವುದು ಅವಳ ಪದ್ಧತಿ. ತೀರ್ಥಹಳ್ಳಿ ಕಡೆಯಿಂದ ನಾದಿನಿ, ಸಾಗರದಿಂದ ಅಮ್ಮ, ಮಧ್ಯದಲ್ಲಿ ನಾವು. ಆಟ ನಮ್ಮ ಮನೆಯಲ್ಲೇ ನೆಲೆಸಿತು.

ನಿಯಮ ಹೀಗೆ. ಒಬ್ಬರು ಕತೆ ನಡೆಸುತ್ತಾರೆ: ಕಾಡು, ಕೋಟೆ, ರಕ್ಕಸರು, ಹವಾಮಾನ ಎಲ್ಲವೂ ಅವರೇ. ಅದು ನಾದಿನಿ. ಉಳಿದವರು ಆ ಕತೆಯೊಳಗೆ ಒಬ್ಬೊಬ್ಬರಾಗಿ ಓಡಾಡುತ್ತಾರೆ. ನಾವು ಏನು ಮಾಡುತ್ತೇವೆಂದು ನಾವು ಹೇಳಬೇಕು, ಆಯಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ವಾರಕ್ಕೊಂದು ದಿನವಾದರೂ ಯಾವುದಕ್ಕೂ ಕಾರಣ ಕೊಡದೆ ಇರೋಣ ಎಂದು ಮಂತ್ರವಾದಿನಿಯಾದೆ. ಅಮ್ಮ ಗಾಯ ವಾಸಿ ಮಾಡುವ ಪೂಜಾರಿಣಿ ಆಗಬಹುದು ಎಂದು ನಾದಿನಿ ಪ್ರೀತಿಯಿಂದ ಸೂಚಿಸಿದಳು.

"ಜೀವಮಾನ ಇಡೀ ಗಾಯ ಕಟ್ಟಿದ್ದು ಸಾಕು," ಎಂದಳು ಅಮ್ಮ. "ಕಳ್ಳಿ ಆಗೋಕೆ ಬರುತ್ತಾ ಇದ್ರಲ್ಲಿ?"

ಬರುತ್ತದೆ ಎಂದು ತಿಳಿದಾಗ ಅವಳ ಮುಖದಲ್ಲಿ ಕಂಡ ಸಂತೋಷ ನಾನು ಅವಳ ನಿವೃತ್ತಿಯ ದಿನವೂ ಕಂಡಿರಲಿಲ್ಲ.

ನಮ್ಮನೆಯವರು ಯೋಧರಾದರು. ಕವಚ ಆರಿಸುವ ಘಟ್ಟ ಬಂತು. ಮದುವೆಗೆ ನನಗೆ ಸೀರೆ ತೆಗೆಯುವಾಗ ಅಂಗಡಿಯ ಹೊರಗೆ ನಿಂತು ಪೇಪರ್ ಓದಿದ ಮನುಷ್ಯ, ಈಗ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ವಿಚಾರಿಸಿದರು. ಚರ್ಮದ ಅಂಗಿ ಹಗುರ, ಆದರೆ ಕಾಪಾಡುವುದು ಕಡಿಮೆ. ಸರಪಳಿ ಅಂಗಿ ಪರವಾಗಿಲ್ಲ. ತಲೆಯಿಂದ ಕಾಲಿನವರೆಗೆ ಉಕ್ಕಿನ ತಗಡು ಮುಚ್ಚಿದ ಪೂರ್ತಿ ಕವಚ ಎಲ್ಲಕ್ಕಿಂತ ಭದ್ರ. ಪ್ರತಿ ಕವಚಕ್ಕೂ ಒಂದು ಅಂಕ ಇದೆ. ಶತ್ರುವಿನ ದಾಳ ಆ ಅಂಕವನ್ನು ಮುಟ್ಟಿದರೆ ಏಟು ತಾಗಿದ ಹಾಗೆ, ಮುಟ್ಟದಿದ್ದರೆ ತಪ್ಪಿದ ಹಾಗೆ. ನನ್ನ ಮಂತ್ರವಾದಿನಿಯ ಹತ್ತಿ ನಿಲುವಂಗಿಗೆ ಬರೀ ಹತ್ತು. ಉಕ್ಕಿನ ಕವಚಕ್ಕೆ ಹದಿನೆಂಟು, ಗುರಾಣಿ ಹಿಡಿದರೆ ಇಪ್ಪತ್ತು.

"ಇಪ್ಪತ್ತು," ಎಂದರು ಇವರು. "ಅಂದ್ರೆ ದಾಳದಲ್ಲಿ ಇಪ್ಪತ್ತೇ ಬೀಳ್ಬೇಕು ನನ್ನನ್ನ ಮುಟ್ಟೋಕೆ."

"ಸಣ್ಣಪುಟ್ಟ ಶತ್ರುಗಳಿಗೆ ಹಾಗೇ ಅಣ್ಣ."

"ಇದು ಸಾಕು. ಬೇರೆ ತೋರಿಸ್ಬೇಡ."

ಅಲ್ಲಿಂದ ಮುಂದೆ ಎಷ್ಟೋ ಭಾನುವಾರ ಯಾರೂ ಅವರನ್ನು ಮುಟ್ಟಲಿಲ್ಲ. ಕುಳ್ಳ ರಕ್ಕಸರು ಗುಂಪಾಗಿ ಬಂದು ಈಟಿ ಚುಚ್ಚಿದರೂ ದಾಳದಲ್ಲಿ ಏಳೋ ಹನ್ನೊಂದೋ ಬೀಳುತ್ತಿತ್ತು. ಇವರು ಕುರ್ಚಿಗೆ ಒರಗಿ ಚಹಾ ಕುಡಿಯುತ್ತಾ, "ತಾಗ್ಲಿಲ್ಲ ಅಲ್ವಾ? ಮುಂದಕ್ಕೆ ಹೋಗೋಣ," ಎನ್ನುವರು. ನಾನು ಅಷ್ಟರಲ್ಲಿ ಎರಡು ಸಲ ಸಾಯುವ ಹಂತಕ್ಕೆ ಹೋಗಿ ಬಂದಿದ್ದೆ. ಅಮ್ಮನ ತಕರಾರು ಬೇರೆ. ಅವಳು ಕಷ್ಟಪಟ್ಟು ಗೋಡೆ ಹಾರಿ, ಕಾವಲುಗಾರನ ಸೊಂಟದಿಂದ ಬೀಗದ ಕೈ ತೆಗೆಯುವ ಹೊತ್ತಿಗೆ ಹಿಂದಿನಿಂದ ಅಳಿಯನ ಯೋಧ ಖಣಖಣ ಎಂದು ಬರುತ್ತಿದ್ದ.

"ಪಾತ್ರೆ ಅಂಗಡಿ ನಡ್ಕೊಂಡು ಬಂದ ಹಾಗೆ ಬರ್ತಾರಪ್ಪ," ಎಂದು ಅಮ್ಮ ನನ್ನ ಕಡೆ ನೋಡಿ ಹೇಳುತ್ತಿದ್ದಳು. ಅಳಿಯನಿಗೆ ನೇರವಾಗಿ ಹೇಳುವ ಪದ್ಧತಿ ಆಗ ಇರಲಿಲ್ಲ. ಮದುವೆಯಾದಂದಿನಿಂದ ಅವರಿಬ್ಬರ ನಡುವೆ ಬನ್ನಿ, ಕೂತ್ಕೊಳ್ಳಿ, ಊಟ ಆಯ್ತಾ ಎಂಬ ಮಾತುಗಳು ಮಾತ್ರ ಓಡಾಡುತ್ತಿದ್ದವು.

ಆಮೇಲೆ ಗುಹೆಯ ದೈತ್ಯ ಬಂದ. ಕೈಯಲ್ಲಿ ಬುಡಸಮೇತ ಕಿತ್ತ ಮರ. ನಾದಿನಿ ದಾಳ ಉರುಳಿಸಿದಳು. ಅದು ಮೇಜಿನ ಅಂಚಿನವರೆಗೆ ಹೋಗಿ ನಿಂತಿತು. ಇಪ್ಪತ್ತು.

"ತಾಗ್ತು," ಎಂದಳು. "ಅರ್ಧ ಜೀವ ಹೋಯ್ತು ಅಣ್ಣ."

ಇವರು ಚಹಾ ಲೋಟ ಕೆಳಗಿಟ್ಟರು. "ಅರ್ಧ? ಇದೇ ಏಟು ಇವಳಿಗೆ ಬಿದ್ದಿದ್ರೆ?"

"ಅತ್ತಿಗೆಗೂ ಅಷ್ಟೇ ಹೋಗ್ತಿತ್ತು."

"ಇವಳು ಹಾಕ್ಕೊಂಡಿರೋದು ಹತ್ತಿ ಬಟ್ಟೆ. ನಾನು ಹಾಕ್ಕೊಂಡಿರೋದು ಉಕ್ಕು. ಇಬ್ರಿಗೂ ಒಂದೇ ಏಟಾ?"

"ನಿಂಗೆ ತಾಗೋದು ಕಷ್ಟ. ತಾಗಿದ್ಮೇಲೆ ಎಲ್ರಿಗೂ ಒಂದೇ. ದಾಳ ಕಮ್ಮಿ ಬಿದ್ರೆ ಏಟು ಕವಚದ ಮೇಲೆ ಜಾರಿತು ಅಂತ ಅರ್ಥ. ಜಾಸ್ತಿ ಬಿದ್ರೆ ಸಂದಿ ಹುಡುಕಿ ಒಳಗೆ ಹೋಯ್ತು ಅಂತ."

"ಸಂದಿ?" ಇವರು ಎದ್ದೇ ನಿಂತರು. "ಅವನ ಕೈಲಿರೋದು ಮರದ ಬೊಡ್ಡೆ. ಮರದ ಬೊಡ್ಡೆ ನನ್ನ ಕಂಕುಳ ಸಂದಿ ಹುಡುಕ್ಕೊಂಡು ಬರುತ್ತಾ?"

ಪ್ರಶ್ನೆ ಸರಿಯಾಗಿಯೇ ಇತ್ತು. ಅದೇ ತೊಂದರೆ. ಇವರ ಕೈಗೆ ಸರಿಯಾದ ಪ್ರಶ್ನೆಯೊಂದು ಸಿಕ್ಕಿದರೆ ಅದನ್ನು ಬಿಡಿಸಿಕೊಳ್ಳುವುದು ಯಾರಿಂದಲೂ ಆಗದು. ಕವಚ ಎಂದರೆ ಏಟು ತಪ್ಪಿಸುವ ವಸ್ತುವಲ್ಲ, ಏಟಿನ ನೋವು ಕಡಿಮೆ ಮಾಡುವ ವಸ್ತು ಎಂಬುದು ಇವರ ವಾದ. ಎರಡೂ ಸೇರಿಸಿಯೇ ಆ ಅಂಕ ಇಟ್ಟಿದ್ದಾರೆ, ಪ್ರತಿ ಏಟಿಗೂ ಕೂಡಿ ಕಳೆದು ಕೂತರೆ ಆಟ ಸಂಜೆಯಾದರೂ ಮುಗಿಯುವುದಿಲ್ಲ ಎಂಬುದು ನಾದಿನಿಯ ವಾದ. ಆಟ ಅಲ್ಲಿಗೇ ನಿಂತಿತು. ವಾದ ಸೋಮವಾರವೂ ನಡೆಯಿತು, ಮಂಗಳವಾರವೂ. ಇವರು ಕೋರ್ಟಿನ ಬಿಡುವಿನಲ್ಲಿ ತಂಗಿಗೆ ಫೋನ್ ಮಾಡಿ ಹೊಸ ಹೊಸ ಅಂಶ ಮಂಡಿಸುತ್ತಿದ್ದರು. ಒಂದು ದಿನ ಆ ಕಡೆಯಿಂದ ಹಸುವಿನ ಕೂಗಿನ ನಡುವೆ ನಾದಿನಿಯ ದನಿ ನನಗೂ ಕೇಳಿಸಿತು: "ಅಣ್ಣಾ, ನಾನು ಕರು ಎಳೀತಿದೀನಿ! ಒಂದು ಕೈ ಒಳಗಿದೆ! ಆಮೇಲೆ ಮಾಡು!"

ಆಮೇಲೆ ಮಾಡಿದರು.

ಮುಂದಿನ ಭಾನುವಾರ ಅಮ್ಮ ಇದನ್ನೆಲ್ಲ ಕೇಳಿಸಿಕೊಳ್ಳುತ್ತಾ ಬೀನ್ಸ್ ಮುರಿಯುತ್ತಿದ್ದಳು. ಬೀನ್ಸ್ ಮುಗಿದ ಮೇಲೆ ನನ್ನ ಕಡೆ ತಿರುಗಿ, "ಇಷ್ಟು ಮಾತಾಡೋ ಬದ್ಲು ಒಂದ್ಸಲ ಕವಚ ಹಾಕ್ಕೊಂಡು ನೋಡ್ಲಿ. ನಾವು ಹೊಡೀತೀವಿ. ತಾಗುತ್ತೋ ಜಾರುತ್ತೋ ಗೊತ್ತಾಗುತ್ತೆ," ಎಂದಳು.

ತಮಾಷೆಗೆ ಹೇಳಿದ ಮಾತು ಎಂದು ನಾನು ತಿಳಿದೆ. ಅಣ್ಣ ತಂಗಿ ಹಾಗೆ ತಿಳಿಯಲಿಲ್ಲ. ಅವರಿಬ್ಬರೂ ಒಂದೇ ಮನೆಯ ಮಕ್ಕಳು ಎಂದು ಆಗ ನೆನಪಾಯಿತು.

ಉಕ್ಕು ಎಲ್ಲಿಂದ ತರುವುದು? ಅದರ ಮುಂದಿನ ವಾರ ನಾದಿನಿ ಬೈಕಿನ ಹಿಂದೆ ಅಡಿಕೆ ಮರದಿಂದ ಬಿದ್ದ ಅಗಲ ಹಾಳೆಗಳ ದೊಡ್ಡ ಕಟ್ಟು ಕಟ್ಟಿಕೊಂಡು ಬಂದಳು. ಅವಳು ಹೋಗುವ ಮನೆಗಳಲ್ಲಿ ಅದಕ್ಕೇನೂ ಬರವಿಲ್ಲ. ಒಂದು ತಾಸು ನೀರಿನಲ್ಲಿ ನೆನೆಸಿದ ಹಾಳೆ ಚರ್ಮದ ಹಾಗೆ ಬಗ್ಗುತ್ತದೆ. ಎದೆಗೊಂದು, ಬೆನ್ನಿಗೊಂದು, ಭುಜಕ್ಕೆ, ತೊಡೆಗೆ, ಮೊಣಕಾಲಿನ ಕೆಳಗೆ ಎಂದು ಕತ್ತರಿಸಿ, ತೂತು ಹಾಕಿ, ಹಗ್ಗ ಪೋಣಿಸಿ ಕಟ್ಟಿದೆವು. ಆಮೇಲೆ ಕವಚ ಗಟ್ಟಿಯಾಗಲಿ ಎಂದು ಮನೆಯೊಡೆಯನನ್ನು ಅಂಗಳದ ಬಿಸಿಲಿನಲ್ಲಿ ನಿಲ್ಲಿಸಿದೆವು. ತಲೆಗೆ ಹಾಳೆ ಟೋಪಿ. ಕೈಯಲ್ಲಿ ಗುರಾಣಿಯೆಂದು ರೊಟ್ಟಿ ಹೆಂಚಿನ ಮುಚ್ಚಳ. ನಿಂತಲ್ಲೇ ಒಣಗುತ್ತಾ ಇವರು, "ಎಡಗಡೆ ಭುಜದ್ದು ಸ್ವಲ್ಪ ಸಡಿಲ ಇದೆ, ಇದು ಫಲಿತಾಂಶದ ಮೇಲೆ ಪರಿಣಾಮ ಮಾಡುತ್ತೆ," ಎಂದರು.

ಪ್ರಯೋಗದ ಹೊಣೆ ನನ್ನದಾಯಿತು, ವಿಜ್ಞಾನದ ಟೀಚರು ಎಂದು. ಬಟ್ಟೆಯ ಉಂಡೆಗಳನ್ನು ಬಟ್ಟೆಗೆ ಹಾಕುವ ನೀಲಿಯಲ್ಲಿ ಅದ್ದಿ ಎಸೆಯುವುದು, ನೀಲಿ ಕಲೆ ಎಲ್ಲಿ ಬಿದ್ದಿದೆ ಎಂದು ನೋಡುವುದು ಮೊದಲ ಹಂತ. ಕವಚ ಹಾಕುವ ಮೊದಲು ಬನಿಯನ್ನಿನಲ್ಲಿ ಒಂದು ಸುತ್ತು ಎಸೆದಿದ್ದೆವು. ಆಗ ಇವರು ಅಂಗಳದ ತುಂಬ ಕಪ್ಪೆಯಂತೆ ಹಾರಿ ಹೆಚ್ಚಿನದನ್ನು ತಪ್ಪಿಸಿಕೊಂಡಿದ್ದರು. ಈಗ ಹಾಳೆ ಗಟ್ಟಿಯಾಗಿ ಸೊಂಟ ಬಗ್ಗುತ್ತಿರಲಿಲ್ಲ, ಮೊಣಕಾಲು ಮಡಿಸಲಾಗುತ್ತಿರಲಿಲ್ಲ. ಎಸೆದ ಉಂಡೆಗಳೆಲ್ಲ ಹೋಗಿ ತಾಗಿದವು.

"ನೋಡು!" ಎಂದಳು ನಾದಿನಿ ಗೆದ್ದ ದನಿಯಲ್ಲಿ. "ಕವಚ ಇದ್ರೆ ನೋವು ಕಮ್ಮಿ ಇರ್ಬಹುದು. ಆದ್ರೆ ನಿನ್ನ ಲೆಕ್ಕ ಹಿಡಿದ್ರೆ ಕವಚದ ಅಂಕ ಇಳಿಸ್ಬೇಕು, ತಾಗೋದು ಜಾಸ್ತಿ ಆಗುತ್ತೆ. ಒಪ್ತೀಯಾ?"

"ತಾಗಿದ್ದು ಗೊತ್ತೇ ಆಗ್ಲಿಲ್ಲ ನಂಗೆ. ಗೊತ್ತಾಗದೇ ಇದ್ದಿದ್ದು ತಾಗಿದ ಹಾಗೆ ಹೇಗಾಗುತ್ತೆ?"

ಎರಡನೇ ಹಂತ ಕೋಲು. ದನ ಎಬ್ಬಿಸಲು ನಾದಿನಿ ಇಟ್ಟುಕೊಂಡ ಬೆತ್ತ. ತಂಗಿ ಹೊಡೆದರೆ ಪಕ್ಷಪಾತ, ಹೆಂಡತಿ ಹೊಡೆದರೆ ಬೇರೆ ಅರ್ಥ, ಆದ್ದರಿಂದ ಅಮ್ಮ ಹೊಡೆಯಬೇಕೆಂದು ಇವರೇ ಹೇಳಿದರು. ಅಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು. ಮೊದಲನೆಯದು ಎದೆಗೆ. ಟಪ್ ಎಂದಿತು, ಇವರು ನಕ್ಕರು. ಎರಡನೆಯದು ಬೆನ್ನಿಗೆ, ಆಗಲೂ ನಕ್ಕರು. ಆಮೇಲೆ ಅಮ್ಮ ಸ್ವಲ್ಪ ಹೊತ್ತು ಅಳಿಯನ ಸುತ್ತ ತಿರುಗಿದಳು, ಇಂಜೆಕ್ಷನ್‌ಗೆ ಜಾಗ ನೋಡುವವಳಂತೆ. ಸಡಿಲವಾಗಿದ್ದ ಭುಜದ ಹಾಳೆಗೂ ಎದೆಯ ಹಾಳೆಗೂ ನಡುವೆ ಒಂದು ಸಂದಿ ಇತ್ತು. ಅಲ್ಲಿಗೆ ಕೊಟ್ಟಳು.

ಇವರು ಅಯ್ಯೋ ಎಂದು ಕೂಗಿದ್ದು ರಸ್ತೆಗೆ ಕೇಳಿರಬೇಕು. ಯಾಕೆಂದರೆ ಗೇಟು ತೆರೆದ ಸದ್ದಾಯಿತು.

ಗೇಟಿನಲ್ಲಿ ನಿಂತಿದ್ದವರು ಇವರ ಕಕ್ಷಿದಾರರು, ಬೇಲಿಯ ತಕರಾರಿನ ವಯಸ್ಸಾದ ಗಂಡಹೆಂಡತಿ. ಕೈಯಲ್ಲಿ ಬಾಳೆಗೊನೆ ಇತ್ತು. ತಮ್ಮ ವಕೀಲರು ಮೈಯೆಲ್ಲ ನೀಲಿ ಕಲೆಯೊಡನೆ, ಅಡಿಕೆ ಹಾಳೆ ತೊಟ್ಟು, ಹೆಂಚಿನ ಮುಚ್ಚಳ ಹಿಡಿದು ನಿಂತಿರುವುದನ್ನೂ, ಎದುರಿಗೆ ಬೆತ್ತ ಹಿಡಿದ ಹೆಂಗಸನ್ನೂ ಅವರು ಬಹಳ ಗೌರವದಿಂದ ನೋಡಿದರು.

"ವಕೀಲ್ರೇ," ಎಂದರು ಗಂಡ, "ಎಂತ ಇದು? ಹರಕೆಯಾ?"

ನಮ್ಮನೆಯವರು ಹೆಂಚಿನ ಮುಚ್ಚಳವನ್ನು ಬೆನ್ನ ಹಿಂದೆ ಅಡಗಿಸಿಕೊಂಡರು. ಅಮ್ಮ ಮಾತ್ರ ಆಸ್ಪತ್ರೆಯ ವಾರ್ಡಿನಲ್ಲಿ ಹೇಳುವ ಹಾಗೆ, "ಬನ್ನಿ ಬನ್ನಿ, ಒಳಗೆ ಕೂತ್ಕೊಳ್ಳಿ. ಇನ್ನೊಂದೆರಡು ಬಾಕಿ ಇದೆ, ಮುಗಿಸಿ ಕಳಿಸ್ತೀನಿ," ಎಂದಳು.

ಕವಚ ಬೇಗ ಬಿಚ್ಚಲೂ ಆಗಲಿಲ್ಲ. ಹಗ್ಗದ ಗಂಟುಗಳು ಬಿಸಿಲಿಗೆ ಬಿಗಿದುಕೊಂಡಿದ್ದವು. ಅರ್ಧ ಹಾಳೆಯಲ್ಲೇ ಕುರ್ಚಿಯ ತುದಿಗೆ ಕೂತು ಇವರು ಬೇಲಿಯ ವಿಷಯ ಮಾತಾಡಿದರು. ಕಕ್ಷಿದಾರರ ಹೆಂಡತಿ ನನ್ನ ಜೊತೆ ಅಡುಗೆಮನೆಗೆ ಬಂದು ಮೆಲ್ಲಗೆ, "ದಿನಾ ಹೊಡೀತಾರಾ?" ಎಂದು ಕೇಳಿದರು. ಆಟ ಎಂದು ನಾನು ಹೇಳಿದ್ದನ್ನು ಅವರು ನಂಬಲಿಲ್ಲ. ನನ್ನ ಕೈ ಹಿಡಿದು ಸಮಾಧಾನ ಮಾಡಿ ಹೋದರು.

ಊರಿನಲ್ಲಿ ಸುದ್ದಿ ಬೇರೆ ಬೇರೆ ರೂಪದಲ್ಲಿ ಓಡಾಡಿತು. ಅಳಿಯನಿಗೆ ಅತ್ತೆ ಬೆತ್ತದಲ್ಲಿ ಹೊಡೆಯುತ್ತಾಳೆ ಎಂಬುದು ಒಂದು. ಕೇಸು ಗೆಲ್ಲಲೆಂದು ವಕೀಲರು ಹರಕೆ ಹೊತ್ತಿದ್ದಾರೆ ಎಂಬುದು ಇನ್ನೊಂದು. ಇದು ಕಕ್ಷಿದಾರರಲ್ಲಿ ಒಳ್ಳೆಯ ಅಭಿಪ್ರಾಯವನ್ನೇ ಮೂಡಿಸಿತು. ಎಲ್ಲಕ್ಕಿಂತ ದೂರ ಹೋದದ್ದು ಮೂರನೆಯದು. ಸಾಗರದ ನಿವೃತ್ತ ನರ್ಸೊಬ್ಬರು ಸೊಂಟನೋವಿಗೆ ಹಾಳೆ ಕಟ್ಟಿ, ನೀಲಿ ಹಚ್ಚಿ, ಬೆತ್ತದಲ್ಲಿ ತಟ್ಟುವ ಔಷಧಿ ಕೊಡುತ್ತಾರಂತೆ ಎಂದು. ತಾಳಗುಪ್ಪದಿಂದ ಒಬ್ಬರು ಬಂದು ಅಮ್ಮನ ಮನೆಯ ಬಾಗಿಲು ತಟ್ಟಿದರು. ಅಮ್ಮ ಅವರಿಗೆ ಎಲುಬಿನ ಡಾಕ್ಟರ ವಿಳಾಸ ಕೊಟ್ಟು ಕಳಿಸಿದಳು. ಹೊಡೆಯದೆ ಕಳಿಸಿದ್ದಕ್ಕೆ ಅವರಿಗೆ ಸ್ವಲ್ಪ ಬೇಸರವಾಯಿತಂತೆ.

ನಾನು ಇದನ್ನೆಲ್ಲ ಹೇಳಿ ಹೇಳಿ ನಗುತ್ತಿದ್ದೆ. ಇವರೂ ಒಂದೆರಡು ದಿನ ನಕ್ಕರು. ಆಮೇಲೆ ಒಂದು ದಿನ ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು, "ನಮ್ಮ ಮಿತ್ರರಿಗೆ ಪೆಟ್ಟು ತಡ್ಕೊಂಡು ಅಭ್ಯಾಸ ಇದೆ, ಈ ಆದೇಶವನ್ನೂ ತಡ್ಕೋತಾರೆ," ಎಂದರಂತೆ. ಇಡೀ ಕೋರ್ಟು ನಕ್ಕಿತಂತೆ. ಆ ಭಾನುವಾರ ಇವರು ಕೇಸಿನ ಕಾಗದ ನೋಡುವುದಿದೆ ಎಂದು ಮೇಜಿಗೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ.

ಶನಿವಾರ ಮಧ್ಯಾಹ್ನ ಇವರು ಕಪ್ಪು ಕೋಟಿಗೆ ಇಸ್ತ್ರಿ ಹಾಕುತ್ತಿದ್ದಾಗ ಕೇಳಿದೆ. "ಅಷ್ಟಕ್ಕೆಲ್ಲ ಬೇಜಾರು ಮಾಡ್ಕೊಂಡ್ರಾ?"

"ಬೇಜಾರಲ್ಲ."

"ಮತ್ತೆ?"

ಇವರು ಕೋಟಿನ ತೋಳು ತಿರುಗಿಸಿ ಹಾಸಿದರು. "ಆ ಆಟದಲ್ಲಿ ಇಪ್ಪತ್ತು ಬಿದ್ರೆ ಮಾತ್ರ ತಾಗೋದು. ಅದೊಂದು ಚೆನ್ನಾಗಿತ್ತು. ಕೋರ್ಟಲ್ಲಿ ಯಾವನು ಎಂತ ಅಂದ್ರೂ ನಂಗೆ ತಾಗುತ್ತೆ. ಹೊರಗೆ ಕಾಣಲ್ಲ, ಅಷ್ಟೇ."

ಇಷ್ಟು ವರ್ಷ ಜೊತೆಗಿದ್ದವಳಿಗೆ ಇದು ಗೊತ್ತಿರಬೇಕಿತ್ತು ಎಂದು ನೀವು ಹೇಳಬಹುದು. ಎಲ್ಲಕ್ಕೂ ಉತ್ತರ ಇಟ್ಟುಕೊಂಡವರನ್ನು ನೋವಾಯಿತೇ ಎಂದು ಕೇಳಲು ಯಾರಿಗೂ ತೋಚುವುದಿಲ್ಲ. ನಾನು ಇಸ್ತ್ರಿಪೆಟ್ಟಿಗೆ ತೆಗೆದುಕೊಂಡು ಉಳಿದ ತೋಳಿಗೆ ಹಾಕಿಕೊಟ್ಟೆ. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವಳು ಹೂಂ ಎಂದಳು, ಅಷ್ಟೇ.

ಮಾರನೆಯ ದಿನ ಬಂದವಳು ಚಪ್ಪಲಿ ಬಿಟ್ಟು ನೇರವಾಗಿ ಇವರ ಕಚೇರಿಯ ಕೋಣೆಗೆ ಹೋದಳು. ಬಾಗಿಲಲ್ಲಿ ನಿಂತು ಮದುವೆಯ ನಂತರ ಮೊದಲ ಸಲ ಅಳಿಯನಿಗೆ ನೇರವಾಗಿ ಹೇಳಿದಳು: "ನಿಮ್ಮ ಯೋಧ ಎರಡು ವಾರದಿಂದ ಛತ್ರದಲ್ಲಿ ಮಲಗಿದಾನೆ. ಅವನಿಗೆ ಊಟ ನಾನು ಕದ್ದು ತಂದು ಹಾಕ್ತಿದೀನಿ. ಇನ್ನು ನನ್ನ ಕೈಲಾಗಲ್ಲ. ಎದ್ದು ಬನ್ನಿ."

ಇವರು ಎದ್ದು ಬಂದರು.

ನಾದಿನಿಯೂ ಒಂದು ರಾಜಿ ಸೂತ್ರ ತಂದಿದ್ದಳು. ಉಕ್ಕಿನ ಕವಚ ಇದ್ದವರಿಗೆ ಏಟು ತಾಗಿದರೂ ನೋವಿನಲ್ಲಿ ಸ್ವಲ್ಪ ಕಳೆಯುವುದು. ಅದಕ್ಕೆ ಬದಲಾಗಿ ಕವಚದ ಭಾರವನ್ನೂ ಸದ್ದನ್ನೂ ಕಟ್ಟುನಿಟ್ಟಾಗಿ ಲೆಕ್ಕಕ್ಕೆ ಹಿಡಿಯುವುದು. "ನಂಗೆ ನ್ಯಾಯ ಸಿಕ್ತು," ಎಂದರು ಇವರು. ಎರಡನೇ ವಾಕ್ಯವನ್ನು ಅವರು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಕೇಸು ಗೆದ್ದ ಸಂತೋಷದಲ್ಲಿ ಆದೇಶದ ಕೊನೆಯ ಪುಟ ಓದದೆ ಹೋಗುವ ಕಕ್ಷಿದಾರರನ್ನು ಇವರೇ ಎಷ್ಟು ಬೈದಿದ್ದಾರೋ.

ಆ ದಿನಗಳಲ್ಲಿ ನಾದಿನಿ ಗೆಳತಿಯರ ಜೊತೆ ಹೊನ್ನೆಮರಡಿಗೆ ಹೋಗಿ, ಹಿನ್ನೀರಿನಲ್ಲಿ ದೋಣಿ ಹುಟ್ಟು ಹಾಕಿ, ಬಿಸಿಲಿಗೆ ಮುಖ ಕಪ್ಪು ಮಾಡಿಕೊಂಡು ಬಂದಿದ್ದಳು. ಕತೆಯಲ್ಲೂ ಹಿನ್ನೀರು ಬಂತು. ಕಣ್ಣಿಗೆ ಕಾಣುವಷ್ಟು ದೂರ ನೀರು, ನಡುವೆ ಒಣಮರದ ತುದಿಗಳು. ನಾವು ಮೂವರು ಒಂದು ಸಣ್ಣ ದೋಣಿಯಲ್ಲಿ, ಅಮ್ಮ ಕೋಟೆಯಿಂದ ಕದ್ದ ಬೀಗ ಹಾಕಿದ ಪೆಟ್ಟಿಗೆಯೊಡನೆ. ನಡುನೀರಿನಲ್ಲಿ ಏನೋ ಒಂದು ಪ್ರಾಣಿ ಕೆಳಗಿನಿಂದ ಗುದ್ದಿತು. ದೋಣಿ ಮಗುಚಿತು.

"ಎಲ್ರೂ ನೀರಲ್ಲಿ," ಎಂದಳು ನಾದಿನಿ. "ಅತ್ತಿಗೆ, ಅಮ್ಮ ಈಜ್ಬಹುದು. ಅಣ್ಣ, ನೀನು ಕೆಳಗೆ ಹೋಗ್ತಿದೀಯ."

"ಕವಚ ಬಿಚ್ತೀನಿ."

"ಪೂರ್ತಿ ಬಿಚ್ಚೋಕೆ ಒಬ್ನೇ ಆದ್ರೆ ಐದು ನಿಮಿಷ ಬೇಕು. ಉಸಿರು ಅಷ್ಟು ಹೊತ್ತು ಬರಲ್ಲ."

"ಕೋಟು ನಾನು ಒಂದೇ ನಿಮಿಷದಲ್ಲಿ ಬಿಚ್ತೀನಲ್ಲ!"

"ಅದು ಉಕ್ಕಲ್ಲ ಅಣ್ಣ."

ಇವರು ನನ್ನ ಕಡೆ ತಿರುಗಿದರು. ದಿನಕ್ಕೆ ಇಷ್ಟೇ ಎಂದು ನನಗಿದ್ದ ಮಂತ್ರಗಳೆಲ್ಲ ಬೆಳಿಗ್ಗೆಯೇ ಮುಗಿದಿದ್ದವು. ಕೊನೆಯದನ್ನು ಒಲೆ ಹೊತ್ತಿಸಲು ಬಳಸಿದ್ದೆ. ಉಳಿದದ್ದು ಅಮ್ಮ. ಅವಳ ಕೈಯಲ್ಲಿ ಚೂರಿ ಇತ್ತು, ಕವಚದ ಪಟ್ಟಿಗಳನ್ನು ಕತ್ತರಿಸಬಹುದಿತ್ತು. ಆದರೆ ಪೆಟ್ಟಿಗೆಯೂ ಇನ್ನೊಂದು ಕಡೆ ಮುಳುಗುತ್ತಿತ್ತು. ಎರಡರಲ್ಲಿ ಒಂದನ್ನೇ ಹಿಡಿಯಬಹುದು ಎಂದಳು ನಾದಿನಿ.

ಅಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಪೆಟ್ಟಿಗೆ ಎಷ್ಟು ಭಾರ ಇದೆ?"

"ತುಂಬಾ ಭಾರ ಇದೆ ಅಮ್ಮ. ಒಳಗೆ ಗಲಗಲ ಅಂತಿದೆ."

"ಅತ್ತೆ!" ಎಂದರು ಇವರು.

"ಇರಿ, ಯೋಚನೆ ಮಾಡ್ತಿದೀನಿ."

"ಅತ್ತೆ, ನಾನು ಮುಳುಗ್ತಿದೀನಿ!"

"ಕಾಣ್ತಾ ಇದೆ. ಗಲಗಲ ಅಂದ್ರೆ ನಾಣ್ಯವಾ, ಒಡವೆಯಾ?"

ಇವರು ನಿಜವಾಗಿಯೂ ಉಸಿರು ಬಿಗಿಹಿಡಿದಿದ್ದರು. ಕೆನ್ನೆ ಉಬ್ಬಿತ್ತು, ಕಿವಿ ಕೆಂಪಾಗಿತ್ತು. ಅಮ್ಮ ಪೆಟ್ಟಿಗೆ ಹೋದ ದಿಕ್ಕಿಗೆ ಒಂದು ಸಲ ನೋಡಿದಳು, ಅಂದರೆ ಫ್ರಿಜ್ಜಿನ ಕಡೆಗೆ. ದೊಡ್ಡದಾಗಿ ನಿಟ್ಟುಸಿರು ಬಿಟ್ಟು, "ಮಗಳ ಮುಖ ನೋಡಿ ಮಾಡ್ತಿದೀನಿ," ಎಂದು ದಾಳ ಕೈಗೆತ್ತಿಕೊಂಡಳು.

ಮೊದಲ ಸಲ ಬಿದ್ದದ್ದು ಮೂರು. ಚೂರಿ ಜಾರಿತು. ಎರಡನೆಯ ಸಲ ಹದಿನಾರು. ಎದೆಯ ಪಟ್ಟಿ ಹರಿಯಿತು. ಆಮೇಲೆ ಭುಜದ್ದು, ಬೆನ್ನಿನದು, ತೊಡೆಯದು. ಒಂದೊಂದು ತುಂಡು ಬಿಚ್ಚಿ ಕೆಳಗೆ ಹೋಗುವಾಗಲೂ ಇವರು ಹೆಸರು ಹಿಡಿದು ನೆನೆದರು: "ಎದೆ ಕವಚ ಹೋಯ್ತು... ಗುರಾಣಿ ಹೋಯ್ತಾ? ಗುರಾಣೀನೂ ಹೋಯ್ತು." ಅಮ್ಮನ ಕಳ್ಳಿ ಯೋಧನ ಜುಟ್ಟು ಹಿಡಿದು ದಡಕ್ಕೆ ಎಳೆದು ಹಾಕಿದಳು. ಮೇಜಿನ ಈ ಕಡೆ ಇವರು ಉಸಿರು ಬಿಟ್ಟರು.

"ಈಗ ನಿನ್ನ ಅಂಕ ಹತ್ತು ಅಣ್ಣ," ಎಂದಳು ನಾದಿನಿ. "ಒದ್ದೆ ಪಂಚೆ ಒಂದಿದೆ."

ಇವರು ಹತ್ತು ಎಂದು ಬರೆದುಕೊಂಡರು. ಆಮೇಲೆ ಅಮ್ಮನನ್ನು ಕೇಳಿದರು, "ಪೆಟ್ಟಿಗೇಲಿ ಎಂತ ಇತ್ತೋ ಏನೋ ಅಲ್ವಾ ಅತ್ತೆ?"

"ಜ್ಞಾಪಿಸ್ಬೇಡಿ," ಎಂದಳು ಅಮ್ಮ.

ನಾದಿನಿ ಅದನ್ನು ಇವತ್ತಿನವರೆಗೆ ಹೇಳಿಲ್ಲ.

ಕವಚ ಇಲ್ಲದ ಯೋಧನನ್ನು ಇಟ್ಟುಕೊಂಡು ಇವರು ಹೇಗೆ ಆಡುತ್ತಾರೋ ಎಂದು ನನಗೆ ಆತಂಕವಿತ್ತು. ಮೊದಲ ಹೊಡೆದಾಟದಲ್ಲಿ ಇವರು ನನ್ನ ಮಂತ್ರವಾದಿನಿಯ ಹಿಂದೆ ಅಡಗಿಕೊಂಡರು. ಅಲ್ಲಿ ಜಾಗ ಹೆಚ್ಚಿರಲಿಲ್ಲ. ಎರಡನೆಯದರಲ್ಲಿ ಒಬ್ಬ ರಕ್ಕಸ ಈಟಿ ಎತ್ತಿದಾಗ, "ಓಡ್ತೀನಿ," ಎಂದರು. ಉಕ್ಕು ತೊಟ್ಟಿದ್ದಾಗ ಆ ಯೋಧ ಒಮ್ಮೆಯೂ ಓಡಿರಲಿಲ್ಲ. ಓಡಿದ, ಸುತ್ತು ಹಾಕಿದ, ಮರ ಹತ್ತಿದ, ರಕ್ಕಸನ ಬೆನ್ನ ಮೇಲೆ ಹಾರಿದ. ಕೆಲವು ಏಟು ತಾಗಿದವು, ಚೆನ್ನಾಗಿಯೇ ತಾಗಿದವು. ಇವರು ಪ್ರತಿ ಸಲವೂ "ಅಬ್ಬ!" ಎನ್ನುತ್ತಾ ನಗುತ್ತಿದ್ದರು. ಕಳ್ಳತನಕ್ಕೂ ಅಮ್ಮ ಇವರನ್ನು ಕರೆದುಕೊಂಡು ಹೋಗತೊಡಗಿದಳು. "ಈಗ ಸದ್ದಿಲ್ಲ. ಪರವಾಗಿಲ್ಲ, ಕಲೀತಾರೆ," ಎಂದು ಅವರೆದುರಿಗೇ ಹೇಳಿದಳು.

ಹಾಗೆಂದು ವಕೀಲರು ಕವಚ ಮರೆತರೆಂದು ತಿಳಿಯಬೇಡಿ. ಹಿನ್ನೀರು ಎಂದ ಮೇಲೆ ಬೇಸಿಗೆಯಲ್ಲಿ ಇಳಿಯಲೇಬೇಕು ಎಂದು ಒಂದು ದಿನ ಎತ್ತಿದರು. ನಮ್ಮ ಕಡೆಯ ಹಿನ್ನೀರು ಇಳಿದಾಗ ಹಳೆಯ ರಸ್ತೆ, ಮರದ ಬುಡ ಎಲ್ಲ ಮೇಲೆ ಬರುವುದಿಲ್ಲವೇ? ಹಾಗಿದ್ದರೆ ಕತೆಯಲ್ಲಿ ಕವಚವೂ ಬರಬೇಕು. ಕತೆಯಲ್ಲಿ ಬೇಸಿಗೆಯೇ ಇಲ್ಲ ಎಂದಳು ನಾದಿನಿ. ಬೇಸಿಗೆ ಇಲ್ಲದ ಊರಿನಲ್ಲಿ ಮಾವಿನಹಣ್ಣು ತಿಂದದ್ದು ಹೇಗೆ ಎಂದು ಇವರು ಹಿಂದಿನ ಯಾವುದೋ ಭಾನುವಾರದ ಸಂತೆಯ ದೃಶ್ಯ ಎತ್ತಿ ಕೇಳಿದರು. ನಾದಿನಿ ತಲೆ ಮೇಲೆ ಕೈ ಹೊತ್ತು ಬೇಸಿಗೆಯನ್ನು ಮಂಜೂರು ಮಾಡಿದಳು.

ಕಳೆದ ತಿಂಗಳು ನಾವು ಮೂವರೂ ಬಿರುಕು ಬಿಟ್ಟ ಕೆಸರಿನ ಮೇಲೆ ನಡೆದು ಹೋಗಿ ಹುಡುಕಿದೆವು. ದಾಳ ಇವರ ಪರವಾಗಿ ಇರಲಿಲ್ಲ. ಸಿಕ್ಕಿದ್ದು ಒಂದೇ ತುಂಡು, ಎಡಗಾಲಿನ ಮೊಣಕಾಲ ಕೆಳಗಿನದು. ತುಕ್ಕು ಹಿಡಿದಿತ್ತು. ಇವರು ಅದನ್ನು ತೊಳೆದು ಕಟ್ಟಿಕೊಂಡರು.

"ಸರಿ," ಎಂದರು. "ಒಂದು ಕಾಲಿಗೆ ಎಷ್ಟು ಅಂಕ?"

"ಒಂದು ಕಾಲಿಗೆಲ್ಲ ಅಂಕ ಇಲ್ಲ ಅಣ್ಣ."

"ಯಾಕಿಲ್ಲ? ಶತ್ರು ಎಡಗಾಲಿಗೆ ಹೊಡೆದ ಅಂತಿಟ್ಕೋ..."

ಆ ಸಂಜೆ ಅಮ್ಮನಿಗೆ ಸಾಗರದ ಬಸ್ಸು ತಪ್ಪಿತು. ಬೇಸರವೇನೂ ಮಾಡಿಕೊಳ್ಳದೆ ಚೀಲ ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಅಳಿಯನ ಪಕ್ಕದಲ್ಲಿ ಕೂತಳು. "ಅವರು ಹೇಳೋದ್ರಲ್ಲೂ ಒಂದು ಅರ್ಥ ಇದೆ," ಎಂದಳು ನಾದಿನಿಗೆ. "ಅರ್ಧ ಅಂಕ ಆದ್ರೂ ಕೊಡು."